ವಿಲೀನವಾಗದ ಲಾಯರಮ್ಮ

ಕಾಗದ ಓದುವಾಗ ಅವರ ಎಡಗಣ್ಣಿನ ರೆಪ್ಪೆ ಅರ್ಧಕ್ಕೆ ಇಳಿದುಬಿಡುತ್ತಿತ್ತು. ಬಲಗಣ್ಣು ಮಾತ್ರ ಸಾಲಿನಿಂದ ಸಾಲಿಗೆ ಓಡುತ್ತಿತ್ತು. ಅದು ಹುಟ್ಟಿನಿಂದ ಬಂದದ್ದು, ಗಮನವಿಟ್ಟು ಓದುವಾಗ ಇನ್ನಷ್ಟು ಇಳಿಯುತ್ತದೆ ಎಂದು ಅವರೇ ಒಮ್ಮೆ ಹೇಳಿದ್ದರು. ಗೊತ್ತಿಲ್ಲದವರು ಎದುರಿಗೆ ಕುಳಿತು, ರೆಪ್ಪೆ ಇಳಿದ ಕೂಡಲೇ ತಮ್ಮ ಕಥೆ ಮುಗಿಯಿತು ಎಂದು ಬೆವರುತ್ತಿದ್ದರು. ಗೊತ್ತಿದ್ದೂ ಬೆವರಿದವಳು ನಾನು.

ನಾವೆಲ್ಲ ಅವರನ್ನು ಲಾಯರಮ್ಮ ಎನ್ನುತ್ತಿದ್ದೆವು. ಮೈಸೂರಿನ ಕೋರ್ಟಿನಲ್ಲಿ ಕೆಲವು ವರ್ಷ ವಕೀಲಿಕೆ ಮಾಡಿ, ಆಮೇಲೆ ಅಮೆರಿಕಕ್ಕೆ ಬಂದು ಮತ್ತೆ ಕಾನೂನು ಓದಿ, ವಾಷಿಂಗ್ಟನ್ ರಾಜ್ಯದ ವಕೀಲರ ಪರೀಕ್ಷೆ ಪಾಸು ಮಾಡಿಕೊಂಡವರು. ಒಂಟಿ ಹೆಂಗಸು. ಮದುವೆ ಯಾಕಾಗಲಿಲ್ಲ ಎಂದು ಕೇಳುವ ಧೈರ್ಯ ನಮ್ಮ ಕನ್ನಡ ಸಂಘದ ಯಾರಿಗೂ ಬರಲಿಲ್ಲ, ಬೆನ್ನ ಹಿಂದೆ ಮಾತ್ರ ಧಾರಾಳವಾಗಿ ಚರ್ಚೆಯಾಗುತ್ತಿತ್ತು. ಸಿಯಾಟಲ್ ಹತ್ತಿರದ ಬಾತೆಲ್ ಊರಿನಲ್ಲಿ ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನ ಮೇಲ್ಮಹಡಿಯಲ್ಲಿ ಮೂವರು ವಕೀಲರ ಪುಟ್ಟ ಆಫೀಸಿತ್ತು. ಆ ಮೂವರಲ್ಲಿ ಇವರು ಕಿರಿಯವರು. ಕೆಳಗಿನಿಂದ ಹಲ್ಲು ಕೊರೆಯುವ ಯಂತ್ರದ ಸದ್ದು ಸಣ್ಣಗೆ ಕೇಳುತ್ತಿತ್ತು. ‘ನಮ್ಮ ಕಕ್ಷಿದಾರರಿಗೆ ಇದು ಸಮಾಧಾನ, ತಮಗಿಂತ ಕಷ್ಟದಲ್ಲಿರೋರು ಕೆಳಗಡೆ ಇದಾರೆ ಅಂತ’ ಎಂದು ನಗುತ್ತಿದ್ದರು.

ಸಂಘದ ಯುಗಾದಿ ಊಟಕ್ಕೆ, ಗಣಪತಿ ಹಬ್ಬಕ್ಕೆ ಅವರು ತಪ್ಪದೆ ಬರುತ್ತಿದ್ದರು. ಬರುವಾಗ ದೊಡ್ಡ ಡಬ್ಬಿಯಲ್ಲಿ ಮೊಸರನ್ನ, ಬೇರೇನೂ ಮಾಡಲು ಬರುವುದಿಲ್ಲ ಎಂಬ ನೆಪ. ತಟ್ಟೆ ಹಿಡಿದು ಸಾಲಿನಲ್ಲಿ ನಿಂತರೆ ಸಾಕು, ಯಾರಾದರೊಬ್ಬರು ಪಕ್ಕಕ್ಕೆ ಬಂದು ‘ಒಂದ್ ಸಣ್ಣ ಪ್ರಶ್ನೆ’ ಎಂದು ಶುರು ಮಾಡುತ್ತಿದ್ದರು. ಮನೆಯ ಛಾವಣಿ ಸೋರುತ್ತಿದೆ, ಕಟ್ಟಿಸಿದವನು ಫೋನ್ ಎತ್ತುತ್ತಿಲ್ಲ. ಮ್ಯಾನೇಜರು ಹೀಗಂದ. ‘ಮೊದ್ಲು ಊಟ ಮಾಡಿ. ಹೊಟ್ಟೆ ಹಸಿದಿರೋರಿಗೆ ನಾನು ಕಾನೂನು ಹೇಳಲ್ಲ’ ಎನ್ನುತ್ತಿದ್ದರು. ಊಟವಾದ ಮೇಲೆ ಮೂಲೆಯ ಕುರ್ಚಿಯಲ್ಲಿ ಕುಳಿತು ಒಬ್ಬೊಬ್ಬರ ಮಾತನ್ನೂ ಕೇಳುತ್ತಿದ್ದರು.

ಅವರಲ್ಲಿ ನನಗೆ ಭಯ ಹುಟ್ಟಿಸುತ್ತಿದ್ದದ್ದು ಒಂದೇ ಗುಣ. ಬೇರೆಯವರೆಲ್ಲ ‘ಏನೂ ಆಗಲ್ಲ ಬಿಡಿ’ ಎನ್ನುವ ಕಡೆ ಇವರು ‘ಆಗಬಹುದು’ ಎನ್ನುತ್ತಿದ್ದರು. ಏನೇನು ಆಗಬಹುದು, ಅದರಲ್ಲಿ ಕೆಟ್ಟದ್ದು ಯಾವುದು ಎಂದು ಬಿಡಿಸಿ ಬಿಡಿಸಿ ಹೇಳುತ್ತಿದ್ದರು. ಕೇಳುವವರ ಮುಖ ಬಿಳಿಚಿಕೊಂಡ ಮೇಲೆ, ‘ಹೆದರ್ಕೊಳ್ಳಿ, ತಪ್ಪಿಲ್ಲ. ಹೆದರಿಕೆಯಲ್ಲಿ ಸಹಿ ಮಾತ್ರ ಹಾಕ್ಬೇಡಿ’ ಎಂದು ಎದ್ದು ಕೈ ತೊಳೆಯಲು ಹೋಗುತ್ತಿದ್ದರು. ಇಂಥವರನ್ನು ದೂರವಿಟ್ಟರೇ ಕ್ಷೇಮ ಎಂದುಕೊಂಡಿದ್ದೆ. ನಾನು ಹುಟ್ಟು ಪುಕ್ಕಲಿ. ಅಂಚೆ ಡಬ್ಬಿಯಲ್ಲಿ ಸರ್ಕಾರದ ಕವರು ಕಂಡರೆ ಗಂಡ ಬರುವವರೆಗೂ ಅದನ್ನು ಮುಟ್ಟದವಳು.

ಆ ಪುಟ್ಟ ಆಫೀಸು ನೋಡನೋಡುತ್ತಿದ್ದಂತೆ ಬೆಳೆಯಿತು. ಮೊದಲು ಪಕ್ಕದ ಊರು ಎವರೆಟ್‌ನ ಒಂದು ವಕೀಲರ ಸಂಸ್ಥೆಯ ಜೊತೆ ಸೇರಿಕೊಂಡಿತು. ಬಾಗಿಲ ಮೇಲಿನ ಹೆಸರು ಉದ್ದವಾಯಿತು, ಹಲ್ಲಿನ ಡಾಕ್ಟರ ಮೇಲ್ಮಹಡಿ ಬಿಟ್ಟು ದಪ್ಪ ಕಾರ್ಪೆಟ್ಟಿನ ಕಟ್ಟಡಕ್ಕೆ ಹೋಯಿತು. ಬೆಳೆಯುವ ಸಂಸ್ಥೆಗೆ ಹೆಸರು ಬೇಕಲ್ಲ, ಹಾಗಾಗಿ ವಾರ ವಾರವೂ ತಮ್ಮ ವಕೀಲರ ಕೈಯಲ್ಲಿ ಕಾನೂನಿನ ವಿಶ್ಲೇಷಣೆ ಬರೆಸಿ ವೆಬ್‌ಸೈಟಿಗೆ ಹಾಕತೊಡಗಿದರು. ಹೊಸ ತೀರ್ಪು ಬಂದರೆ, ಹೊಸ ನಿಯಮ ಬಂದರೆ ಮಾರನೆಯ ದಿನವೇ ‘ನಮ್ಮ ತಜ್ಞರು ಏನೆನ್ನುತ್ತಾರೆ’. ಲಾಯರಮ್ಮನ ಪಾಲಿಗೆ ಬಂದದ್ದು ಉದ್ಯೋಗದ ಕಾನೂನು. ಕೋಟು ತೊಡಿಸಿ, ಕೈಕಟ್ಟಿ ನಿಲ್ಲಿಸಿ ತೆಗೆದ ಅವರ ಫೋಟೊ ಪ್ರತಿ ಬರಹದ ಪಕ್ಕ ಇರುತ್ತಿತ್ತು. ‘ಜಗಳಕ್ಕೆ ಬಂದವಳ ಥರ ಕಾಣ್ತೀನಲ್ಲಾ’ ಎಂದು ಅವರಿಗೇ ಮುಜುಗರ.

ಆ ಬರಹಗಳು ಕಂಪನಿಗಳಿಗಾಗಿ ಬರೆದವು, ಸಂಸ್ಥೆಗೆ ದೊಡ್ಡ ಕಕ್ಷಿದಾರರು ಸಿಗುವುದು ಅಲ್ಲಿಂದಲೇ. ಓದಿ ನಿದ್ದೆಗೆಡುತ್ತಿದ್ದವರು ಮಾತ್ರ ನಾವು, ಅಂಥ ಕಂಪನಿಗಳ ನೌಕರರು. ವಾಟ್ಸಾಪ್ ಗುಂಪಿನಲ್ಲಿ ಯಾರೋ ಒಬ್ಬರು ಕೊಂಡಿ ಹಾಕುತ್ತಿದ್ದರು, ಇನ್ನೊಬ್ಬರು ‘ಇದು ನಮಗೂ ಅಪ್ಲೈ ಆಗತ್ತಾ?’ ಎನ್ನುತ್ತಿದ್ದರು, ಆಮೇಲೆ ಇಡೀ ವಾರಾಂತ್ಯ ಹಾಳು. ‘ನೌಕರ ಕೆಲಸ ಬಿಟ್ಟಾಗ ಕಂಪನಿ ತನ್ನ ರಹಸ್ಯಗಳನ್ನು ಕಾಪಾಡಿಕೊಳ್ಳುವುದು ಹೇಗೆ’ ಎಂಬ ಅವರ ಬರಹವನ್ನು ನಾನೂ ಓದಿದ್ದೆ. ಅದರ ಒಂದು ಮಾತು ತಲೆಯಲ್ಲಿ ಕುಳಿತುಬಿಟ್ಟಿತ್ತು: ಹೊರಡುವ ನೌಕರ ತನ್ನ ಬಾಯಿಂದಲೇ ಆಡಿದ ಮಾತಿಗಿಂತ ಒಳ್ಳೆಯ ಸಾಕ್ಷಿ ಸಿಗುವುದು ಅಪರೂಪ. ಓದಿದವಳು ಬುದ್ಧಿ ಕಲಿಯಬೇಕಿತ್ತು. ಕಲಿಯಲಿಲ್ಲ.

ಆಗ ನಾನು ಬಾತೆಲ್ಲಿನ ಕ್ಯಾನ್ಯನ್ ಪಾರ್ಕ್ ಬಡಾವಣೆಯ ಒಂದು ಕಂಪನಿಯಲ್ಲಿದ್ದೆ. ಆಸ್ಪತ್ರೆಗಳ ಸ್ಕ್ಯಾನಿಂಗ್ ಯಂತ್ರಕ್ಕೆ ಸಾಫ್ಟ್‌ವೇರ್ ಬರೆಯುವ ಕೆಲಸ. ಕೆಲವು ವರ್ಷವಾದ ಮೇಲೆ ಅಲ್ಲೇ ಹತ್ತಿರದಲ್ಲಿ ಇನ್ನೊಂದು ಕಂಪನಿಯಲ್ಲಿ ಒಳ್ಳೆಯ ಕೆಲಸ ಸಿಕ್ಕಿತು. ಬಿಡುವ ದಿನ ನನ್ನ ಮ್ಯಾನೇಜರಿಗೆ ಒಂದು ಇಮೇಲ್ ಬರೆದೆ. ಅವರು ನಿಜಕ್ಕೂ ನನಗೆ ಕೆಲಸ ಕಲಿಸಿದವರು. ನಮ್ಮ ಕಡೆ ಕಲಿಸಿದವರನ್ನು ಬಿಟ್ಟು ಹೋಗುವಾಗ ಬರಿಗೈಯಲ್ಲಿ ಹೋಗುವುದುಂಟೆ? ನಮಸ್ಕಾರ ಮಾಡಿ, ನಾಲ್ಕು ಒಳ್ಳೆಯ ಮಾತಾಡಿ ಹೋಗಬೇಕು. ಕಾಲು ಮುಟ್ಟುವ ಹಾಗಿಲ್ಲ, ಅದಕ್ಕೇ ಬರೆದೆ: ‘ನಾನು ಬರುವಾಗ ಏನೂ ತಿಳಿಯದವಳು. ಇವತ್ತು ನನಗೆ ಗೊತ್ತಿರುವುದೆಲ್ಲ ನಿಮ್ಮಿಂದ ಬಂದದ್ದು. ಇಲ್ಲಿ ಕಲಿತದ್ದನ್ನೆಲ್ಲ ಹೊಸ ಕೆಲಸದಲ್ಲಿ ದಿನವೂ ಬಳಸುತ್ತೇನೆ.’ ಇನ್ನೂ ಏನೇನೋ ಬರೆದಿದ್ದೆ. ಬರೆದು ಕಳಿಸಿ, ಕಣ್ಣೊರೆಸಿಕೊಂಡು, ಬ್ಯಾಡ್ಜ್ ಕೊಟ್ಟು ಬಂದೆ.

ಹೊಸ ಕೆಲಸಕ್ಕೆ ಸೇರಿ ಕೆಲವು ವಾರವಾಗಿತ್ತು, ಹಳೆಯ ಕಂಪನಿಯಿಂದ ವಕೀಲರ ಪತ್ರ ಬಂತು. ಸೇರಿದ ಮೊದಲ ದಿನ, ಫೋಟೊ ತೆಗೆಸಿಕೊಳ್ಳುವುದಕ್ಕೂ ಊಟಕ್ಕೂ ನಡುವೆ, ಓದದೆ ಸಹಿ ಹಾಕಿದ ಒಪ್ಪಂದವೊಂದಿತ್ತಂತೆ. ಅದರ ಪ್ರಕಾರ ಬಿಟ್ಟ ಮೇಲೆ ಒಂದು ವರ್ಷ ಪೈಪೋಟಿಯ ಕಂಪನಿಯಲ್ಲಿ ಕೆಲಸ ಮಾಡುವಂತಿಲ್ಲ. ನನ್ನನ್ನು ಕೆಲಸದಿಂದ ತಡೆಯಬೇಕೆಂದು ಎವರೆಟ್‌ನ ಕೋರ್ಟಿನಲ್ಲಿ ಕೇಳಿಕೊಂಡಿದ್ದರು. ರಹಸ್ಯಗಳನ್ನು ಕದ್ದೊಯ್ದಿದ್ದಾಳೆ ಎನ್ನುವುದಕ್ಕೆ ಸಾಕ್ಷಿಯಾಗಿ ನನ್ನದೇ ವಾಕ್ಯವನ್ನು ದಪ್ಪಕ್ಷರದಲ್ಲಿ ಹಾಕಿದ್ದರು. ‘ಇಲ್ಲಿ ಕಲಿತದ್ದನ್ನೆಲ್ಲ ಹೊಸ ಕೆಲಸದಲ್ಲಿ ದಿನವೂ ಬಳಸುತ್ತೇನೆ.’

ಅಡುಗೆಮನೆಯ ನೆಲದ ಮೇಲೆ ಕುಳಿತುಬಿಟ್ಟೆ. ಕೋರ್ಟು ತಡೆದರೆ ಹೊಸ ಕಂಪನಿ ನನ್ನನ್ನು ಇಟ್ಟುಕೊಳ್ಳುವುದಿಲ್ಲ, ಹಾಗೆಂದು ಅವರು ಸ್ಪಷ್ಟವಾಗಿಯೇ ತಿಳಿಸಿದರು. ಕೆಲಸವಿಲ್ಲದಿದ್ದರೆ ವೀಸಾ ಇಲ್ಲ. ಎರಡು ತಿಂಗಳಲ್ಲಿ ಬೇರೆ ಕೆಲಸ ಸಿಗದಿದ್ದರೆ ದೇಶ ಬಿಡಬೇಕು. ಕೋರ್ಟು ಹೊರಗಿಟ್ಟವಳಿಗೆ ಕೆಲಸ ಕೊಡುವವರು ಯಾರು? ಗಂಡನ ವೀಸಾ ನನ್ನದಕ್ಕೆ ಅಂಟಿಕೊಂಡದ್ದು, ನಾನು ಬಿದ್ದರೆ ಅವನೂ ಬೀಳುತ್ತಾನೆ. ಮಗಳು ಆರನೇ ತರಗತಿ. ಗಂಡ ಯಥಾಪ್ರಕಾರ ‘ಏನೂ ಆಗಲ್ಲ ಬಿಡು’ ಎಂದ. ಅವನ ಧ್ವನಿ ನಡುಗುತ್ತಿದ್ದುದರಿಂದ ನನ್ನ ಹೆದರಿಕೆ ಇನ್ನೂ ಹೆಚ್ಚಾಯಿತು.

ದೂರವಿಡಬೇಕು ಎಂದುಕೊಂಡಿದ್ದ ಲಾಯರಮ್ಮನ ಮುಂದೆಯೇ ಮರುದಿನ ಹೋಗಿ ಕುಳಿತೆ. ಅವರು ಪತ್ರ ಓದಿದರು. ರೆಪ್ಪೆ ಇಳಿಯಿತು.

‘ಈ ವಾಕ್ಯ ನೀವೇ ಬರೆದಿದ್ದಾ?’

‘ಹೌದು. ಥ್ಯಾಂಕ್ಸ್ ಹೇಳೋಕೆ ಬರೆದೆ.’

‘ನೋಡಿ, ನಮ್ಮೋರು ಬೈದು ಕೆಲಸ ಬಿಟ್ರೆ ತೊಂದ್ರೆ ಆಗಲ್ಲ. ನಮಸ್ಕಾರ ಮಾಡಿ ಬಿಟ್ರೆ ಸಿಕ್ಕಾಕೊಳ್ತಾರೆ’ ಎಂದರು. ನಗಲಿಲ್ಲ.

‘ನಾವು ವಾಪಸ್ ಹೋಗ್ಬೇಕಾಗತ್ತಾ ಮೇಡಂ?’

‘ಆಗಬಹುದು’ ಎಂದರು. ಆಮೇಲೆ ಎಂದಿನಂತೆ ಬಿಡಿಸಿ ಹೇಳಿದರು. ಕೋರ್ಟು ತಡೆದರೆ ಯಾವ ದಿನದಿಂದ ಲೆಕ್ಕ, ಮಗಳ ಶಾಲೆಗೆ ಏನು ಹೇಳಬೇಕು, ಮನೆ ಬಾಡಿಗೆಯ ಕರಾರು ಹೇಗೆ ಮುರಿಯಬೇಕು, ಕಾರು ಯಾವಾಗ ಮಾರಬೇಕು. ಅಷ್ಟು ವಿವರವಾಗಿ ಅವರಿಗೆ ಹೇಗೆ ಗೊತ್ತು ಎಂದು ನನಗೆ ಆಗ ಹೊಳೆಯಲಿಲ್ಲ. ವಕೀಲರಲ್ಲವೇ, ಗೊತ್ತಿರುತ್ತದೆ ಎಂದುಕೊಂಡೆ. ಕೊನೆಗೆ, ‘ಆ ಇಮೇಲ್ ಪೂರ್ತಿ ಬೇಕು ನನಗೆ. ಅವರು ಒಂದು ವಾಕ್ಯ ಮಾತ್ರ ಕೊಟ್ಟಿದಾರೆ’ ಎಂದರು. ನನ್ನಲ್ಲಿ ಪ್ರತಿ ಇರಲಿಲ್ಲ, ಬಿಟ್ಟ ದಿನವೇ ಖಾತೆ ಮುಚ್ಚಿದ್ದರು. ಏನು ಬರೆದಿದ್ದೆ ಎನ್ನುವುದೂ ನೆನಪಿರಲಿಲ್ಲ. ಇನ್ನೆಷ್ಟು ಮೂರ್ಖ ಮಾತು ಬರೆದಿದ್ದೇನೋ ಎಂಬ ಹೊಸ ಭಯ ಹತ್ತಿಕೊಂಡಿತು.

ವಿಚಾರಣೆಗೆ ಇನ್ನೂ ಕೆಲವು ವಾರ ಇತ್ತು. ಆ ದಿನಗಳಲ್ಲಿ ನನಗೆ ಅನ್ನ ಸೇರುತ್ತಿರಲಿಲ್ಲ. ಒಂದು ಸಂಜೆ ಮಗಳು ಬಾಗಿಲಲ್ಲಿ ನಿಂತು, ‘ಅಮ್ಮಾ, ಆರ್ ವೀ ಮೂವಿಂಗ್?’ ಎಂದಳು.

‘ಯಾರ್ ಹೇಳಿದ್ದು ಪುಟ್ಟೀ?’

‘ನೋಬಡಿ. ಯೂ ಸ್ಟಾಪ್ಡ್ ಬೈಯಿಂಗ್ ದ ಬಿಗ್ ರೈಸ್.’

ನಿಜ. ದೊಡ್ಡ ಮೂಟೆ ಅಕ್ಕಿ ತರುವ ಬದಲು ಸಣ್ಣ ಚೀಲ ತರುತ್ತಿದ್ದೆ. ಮೂಟೆ ಮುಗಿಯುವವರೆಗೆ ಇರುತ್ತೇವೋ ಇಲ್ಲವೋ ಎಂದು ನನ್ನ ಕೈಗಳೇ ತೀರ್ಮಾನ ಮಾಡಿದ್ದವು. ಅವಳ ತಲೆ ಸವರಿದೆ.

ಆಗಲೇ ಸುದ್ದಿ ಬಂತು, ಲಾಯರಮ್ಮನ ಸಂಸ್ಥೆ ಮತ್ತೆ ವಿಲೀನವಾಗುತ್ತಿದೆ. ಈ ಸಲ ಸಿಯಾಟಲ್ಲಿನ ಭಾರೀ ಸಂಸ್ಥೆಯೊಂದರ ಜೊತೆ. ಸಂಘದವರು ಗುಂಪಿನಲ್ಲಿ ಅಭಿನಂದನೆ ಹಾಕಿದರು, ನಾನೂ ಹೂಗುಚ್ಛದ ಚಿತ್ರ ಹಾಕಿದೆ. ಎರಡು ದಿನ ಬಿಟ್ಟು ಅವರು ಫೋನ್ ಮಾಡಿ, ತಮ್ಮ ಆಫೀಸಿಗೆ ಬೇಡ, ಗ್ರಂಥಾಲಯದ ಹತ್ತಿರದ ಕಾಫಿ ಅಂಗಡಿಗೆ ಬನ್ನಿ ಎಂದರು.

‘ಎರಡು ಲಾ ಫರ್ಮ್ ಸೇರೋಕೆ ಮುಂಚೆ ಇಬ್ಬರ ಕಕ್ಷಿದಾರರ ಹೆಸರೂ ಪಕ್ಕಪಕ್ಕ ಇಟ್ಟು ನೋಡ್ತಾರೆ. ಒಂದೇ ಜಗಳದಲ್ಲಿ ಒಂದೇ ಫರ್ಮ್ ಎರಡೂ ಕಡೆ ಕೂರೋ ಹಾಗಿಲ್ಲ. ನಿಮ್ಮ ಹಳೇ ಕಂಪನಿ ಅವರ ಕಕ್ಷಿದಾರ.’

ನನಗೆ ಅರ್ಥವಾಯಿತು. ಆದರೂ ‘ಹಾಗಂದ್ರೆ?’ ಎಂದೆ.

‘ಹಾಗಂದ್ರೆ ನಿಮ್ಮನ್ನ ಬಿಡಬೇಕು ಅಂತ ಹೇಳಿದಾರೆ. ಬೇರೆ ಲಾಯರ್ ನೋಡ್ಕೊಳ್ಳಿ ಅಂತ ನಾನು ನಿಮಗೆ ಹೇಳ್ಬೇಕು. ಹೇಳಿದೀನಿ.’

ವಿಚಾರಣೆಗೆ ಕೆಲವೇ ದಿನ. ಈ ಹೊತ್ತಿನಲ್ಲಿ ಯಾರ ಬಾಗಿಲು ತಟ್ಟಲಿ? ಅವರು ನನ್ನ ಕೈಯಿಂದ ಲೋಟ ತೆಗೆದು ಪಕ್ಕಕ್ಕಿಟ್ಟರು.

‘ಅದು ಫರ್ಮ್ ಹೇಳಿದ ಮಾತು. ಈಗ ನನ್ನ ಮಾತು ಕೇಳಿ. ವಿಲೀನಕ್ಕೆ ಇನ್ನೂ ಸಹಿ ಬಿದ್ದಿಲ್ಲ. ಅಷ್ಟರೊಳಗೆ ನಾನು ಹೊರಗೆ ಬಂದ್ರೆ ಅವರ ಕಕ್ಷಿದಾರರ ತೊಡಕು ನನಗೆ ಅಂಟಲ್ಲ. ಎವರೆಟ್‌ನಲ್ಲಿ ನನ್ನ ಸ್ನೇಹಿತೆಯ ಚಿಕ್ಕ ಆಫೀಸಿದೆ, ಅಲ್ಲಿಗೆ ಹೋಗ್ತಿದೀನಿ. ನೀವು ಹೂಂ ಅಂದ್ರೆ ನಿಮ್ಮ ಕೇಸೂ ನನ್ನ ಜೊತೆ ಬರತ್ತೆ.’

‘ನನಗೋಸ್ಕರ ಯಾಕೆ ಮೇಡಂ ಅಷ್ಟು ದೊಡ್ಡ ಫರ್ಮ್ ಬಿಡ್ತೀರಾ?’

‘ನಿಮಗೊಬ್ಬರಿಗೋಸ್ಕರ ಅಲ್ಲ ಬಿಡಿ. ಆ ಕಂಪನಿಗಳಿಗೆ ಬುದ್ಧಿ ಹೇಳಿ ಹೇಳಿ ನನಗೂ ಸಾಕಾಗಿದೆ’ ಎಂದು ಎದ್ದರು. ನಾನು ಹೂಂ ಎಂದೆ. ಅವರ ಮಾತನ್ನು ನಂಬಿದೆ. ನಂಬುವುದು ಆಗ ನನಗೆ ಅನುಕೂಲವಾಗಿತ್ತು.

ವಿಚಾರಣೆಯ ದಿನ ಎವರೆಟ್‌ನ ಕೋರ್ಟಿನ ಮೆಟ್ಟಿಲು ಹತ್ತಿದೆ. ಅವರು ಆಗಲೇ ಬಂದು ಮೊಗಸಾಲೆಯಲ್ಲಿ ನಿಂತಿದ್ದರು, ಮುಖ ಆಗತಾನೆ ತೊಳೆದುಕೊಂಡಂತೆ ಒದ್ದೆಯಾಗಿತ್ತು. ಎದುರು ಪಕ್ಷದಲ್ಲಿ ಮೂವರು ವಕೀಲರು. ಅವರಲ್ಲಿ ಹಿರಿಯರು ಎದ್ದು ನನ್ನ ವಾಕ್ಯವನ್ನು ಓದಿದರು. ಅಷ್ಟಕ್ಕೇ ನಿಲ್ಲಿಸದೆ ಇನ್ನೊಂದು ಕಾಗದ ತೆಗೆದರು. ಲಾಯರಮ್ಮನ ಬರಹ, ಕೈಕಟ್ಟಿ ನಿಂತ ಫೋಟೊ ಸಮೇತ. ಹೊರಡುವ ನೌಕರ ತನ್ನ ಬಾಯಿಂದಲೇ ಆಡಿದ ಮಾತಿಗಿಂತ ಒಳ್ಳೆಯ ಸಾಕ್ಷಿ ಸಿಗುವುದು ಅಪರೂಪ, ಇದನ್ನು ಹೇಳಿದವರು ಆಕೆಯ ವಕೀಲರೇ ಎಂದು ಮೃದುವಾಗಿ ಹೇಳಿ ಕುಳಿತರು. ಯಾರೋ ಹಿಂದೆ ಸಣ್ಣಗೆ ನಕ್ಕರು. ನನಗೆ ಮಗಳ ಮುಖ, ಅಕ್ಕಿಯ ಚೀಲ, ಖಾಲಿ ಮನೆ ಎಲ್ಲ ಒಟ್ಟಿಗೆ ಕಣ್ಣಿಗೆ ಕಟ್ಟಿದವು. ಮುಗಿಯಿತು ಎಂದುಕೊಂಡೆ.

ಲಾಯರಮ್ಮ ನಿಧಾನಕ್ಕೆ ಎದ್ದರು. ಅದನ್ನು ಬರೆದವಳು ನಾನೇ, ಇವತ್ತೂ ಆ ಮಾತಿಗೆ ಬದ್ಧಳಾಗಿದ್ದೇನೆ, ಆದ್ದರಿಂದ ಈಕೆಯ ಮಾತನ್ನು ಪೂರ್ತಿ ಕೇಳೋಣ ಎಂದರು. ಹಳೆಯ ಕಂಪನಿಯಿಂದ ಪಟ್ಟುಹಿಡಿದು ತರಿಸಿಕೊಂಡಿದ್ದ ಇಡೀ ಇಮೇಲನ್ನು ಓದತೊಡಗಿದರು. ಕಲಿತದ್ದನ್ನೆಲ್ಲ ಬಳಸುತ್ತೇನೆ ಎಂದ ಮೇಲೆ ನಾನು ಕಲಿತದ್ದೇನು ಎಂದೂ ಬರೆದಿದ್ದೆನಂತೆ. ಗೊತ್ತಿಲ್ಲದ್ದನ್ನು ಮೀಟಿಂಗಿನಲ್ಲಿ ಗೊತ್ತಿಲ್ಲ ಎಂದು ಹೇಳುವುದು. ಬೇರೆಯವರ ತಪ್ಪನ್ನು ಎಲ್ಲರೆದುರು ಎತ್ತಿ ಆಡದಿರುವುದು. ಹಿಮ ಬಿದ್ದ ಇಳಿಜಾರಿನಲ್ಲಿ ಬ್ರೇಕ್ ಒತ್ತಿ ಹಿಡಿಯದಿರುವುದು. ಮಗುವಿಗೆ ಜ್ವರ ಬಂದಾಗ ಕ್ಷಮೆ ಕೇಳದೆ ಮನೆಗೆ ಹೋಗುವುದು. ಅವರು ಒಂದೊಂದನ್ನೂ ಓದಿ ತುಸು ನಿಲ್ಲಿಸುತ್ತಿದ್ದರು. ನಾನು ತಲೆ ತಗ್ಗಿಸಿ ಕುಳಿತಿದ್ದೆ. ಯಂತ್ರದ ಬಗ್ಗೆ ಅದರಲ್ಲಿ ಒಂದಕ್ಷರವೂ ಇರಲಿಲ್ಲ. ‘ನಮ್ಮಲ್ಲಿ ಕಲಿಸಿದವರಿಗೆ ಹೀಗೆ ನಮಸ್ಕಾರ ಮಾಡುತ್ತಾರೆ. ಇದರಲ್ಲಿ ಯಾವ ರಹಸ್ಯ ಕಳುವಾಗಿದೆ, ತೋರಿಸಲಿ’ ಎಂದು ಇಂಗ್ಲಿಷಿನಲ್ಲಿ ಹೇಳಿ ಕುಳಿತರು.

ನ್ಯಾಯಾಧೀಶರು ಬಹಳ ಹೊತ್ತು ಕಾಗದ ತಿರುವಿದರು. ನನ್ನನ್ನು ಕೆಲಸದಿಂದ ತಡೆಯಲು ಒಪ್ಪಲಿಲ್ಲ. ಅದೇ ಬಗೆಯ ಯಂತ್ರದ ಮೇಲೆ ಮಾತ್ರ ಒಂದು ವರ್ಷ ಕೆಲಸ ಮಾಡಬಾರದು ಎಂದರು. ಹೊಸ ಕಂಪನಿ ನನಗೆ ಬೇರೆ ಕೆಲಸ ಕೊಟ್ಟಿತು. ಹೊರಗೆ ಬಂದು ಅವರ ಕೈ ಹಿಡಿದುಕೊಂಡೆ. ‘ಹೋಗಿ, ಮೊದ್ಲು ಊಟ ಮಾಡಿ’ ಎಂದರು. ಆ ಸಂಜೆ ನಾನು ದೊಡ್ಡ ಮೂಟೆ ಅಕ್ಕಿ ತಂದೆ.

ಆಮೇಲೆ ನಾನು ನನ್ನ ಪಾಡಿಗೆ ಇದ್ದುಬಿಟ್ಟೆ. ಭಯ ಕಳೆದವರಿಗೆ ಮರೆವು ಬೇಗ ಬರುತ್ತದೆ. ಬೆಳೆದ ಸಂಸ್ಥೆಯ ವೆಬ್‌ಸೈಟಿನಲ್ಲಿ ಅವರ ಫೋಟೊ ಮಾಯವಾಗಿತ್ತು. ಬರಹಗಳು ಮಾತ್ರ ‘ನಮ್ಮ ತಜ್ಞರ ತಂಡ’ ಎಂಬ ಹೆಸರಿನಲ್ಲಿ ಉಳಿದಿದ್ದವು, ನಮ್ಮವರು ಅವನ್ನು ಹಂಚಿಕೊಂಡು ಹೆದರುವುದೂ ನಿಂತಿರಲಿಲ್ಲ. ಗಣಪತಿ ಹಬ್ಬಕ್ಕೆ ಅವರು ಬರಲಿಲ್ಲ. ಹೊಸ ಆಫೀಸು, ಕೆಲಸ ಜಾಸ್ತಿ ಇರಬೇಕು ಎಂದುಕೊಂಡೆವು.

ಮಾರನೆಯ ವರ್ಷದ ಬೇಸಿಗೆಯಲ್ಲಿ ಗುಂಪಿನಲ್ಲಿ ಅವರದೊಂದು ಸಂದೇಶ ಬಂತು. ಮಿಕ್ಸಿ, ಕುಕ್ಕರ್, ಎರಡು ಪುಸ್ತಕದ ಕಪಾಟು, ಬೇಕಾದವರು ಬಂದು ತೆಗೆದುಕೊಂಡು ಹೋಗಿ. ದೊಡ್ಡ ಮನೆಗೆ ಹೋಗುತ್ತಿದ್ದಾರೆ, ಸ್ನೊಕ್ವಾಲ್ಮಿ ಕಡೆ ಮನೆ ಕೊಂಡಿರಬಹುದು ಎಂದು ಕಪಾಟಿನ ಆಸೆಗೆ ಹೋದೆ. ಖಾಲಿ ಕೋಣೆಯಲ್ಲಿ ನೆಲದ ಮೇಲೆ ಕುಳಿತು ಪಾತ್ರೆಗೆ ಪೇಪರ್ ಸುತ್ತುತ್ತಿದ್ದರು.

‘ಎಲ್ಲಿಗೆ ಶಿಫ್ಟ್ ಆಗ್ತಿದೀರಾ?’

‘ಮೈಸೂರಿಗೆ’ ಎಂದರು, ಸುತ್ತುವ ಕೈ ನಿಲ್ಲಿಸದೆ.

ಅವರೂ ನನ್ನ ಹಾಗೆಯೇ ವೀಸಾದ ಮೇಲೆ ಇದ್ದವರು. ಅಷ್ಟು ವರ್ಷ ಅವರ ಮುಂದೆ ನಮ್ಮ ವೀಸಾದ ಗೋಳು ಹೇಳಿಕೊಂಡ ನಮ್ಮಲ್ಲಿ ಒಬ್ಬರಿಗೂ ಈ ಯೋಚನೆ ಬಂದಿರಲಿಲ್ಲ. ಅವರ ಗ್ರೀನ್ ಕಾರ್ಡಿನ ಅರ್ಜಿ ಹಾಕಿದ್ದು ಆ ಸಂಸ್ಥೆ. ವಿಲೀನದ ಜೊತೆ ಹೋಗಿದ್ದರೆ ಅದು ಹಾಗೆಯೇ ಮುಂದುವರಿಯುತ್ತಿತ್ತು. ಬಿಟ್ಟು ಬಂದಿದ್ದರಿಂದ ಎಲ್ಲ ಮೊದಲಿನಿಂದ. ಸ್ನೇಹಿತೆಯ ಚಿಕ್ಕ ಆಫೀಸು ಅವರಿಗಾಗಿ ಹಾಕಿದ ವೀಸಾ ಅರ್ಜಿಗೆ ಸರ್ಕಾರ ಪ್ರಶ್ನೆ ಮೇಲೆ ಪ್ರಶ್ನೆ ಕೇಳಿ, ತಿಂಗಳುಗಟ್ಟಲೆ ಕಾಯಿಸಿ, ಕೊನೆಗೆ ತಿರಸ್ಕರಿಸಿತ್ತು.

‘ಕಾಫಿ ಅಂಗಡಿಯಲ್ಲಿ ಕೂತಾಗಲೇ ಇದು ಗೊತ್ತಿತ್ತಾ?’

‘ಆಗಬಹುದು ಅಂತ ಗೊತ್ತಿತ್ತು.’

‘ಯಾಕೆ ಹೇಳ್ಲಿಲ್ಲ ನನಗೆ?’

‘ಹೇಳಿದ್ರೆ ನೀವು ಹೂಂ ಅಂತಿರ್ಲಿಲ್ಲ.’

ನಾನು ಅಳತೊಡಗಿದೆ. ನಿಮಗೆ ಹೆದರಿಕೆ ಆಗಲಿಲ್ಲವೇ ಎಂದು ಕೇಳಿದೆ. ಅವರು ಪಾತ್ರೆಯನ್ನು ಕೆಳಗಿಟ್ಟು ಮೊದಲ ಸಲ ನನ್ನ ಕಡೆ ನೋಡಿದರು.

‘ಹೆದರಿಕೆನಾ? ನಿಮ್ಮ ಹಿಯರಿಂಗ್ ದಿನ ಬೆಳಿಗ್ಗೆ ಕೋರ್ಟ್ ಬಾತ್‌ರೂಮಲ್ಲಿ ವಾಂತಿ ಮಾಡ್ಕೊಂಡು ಬಂದಿದ್ದೆ. ನಾನು ಸೋತ್ರೆ ಇಬ್ಬರೂ ಹೋಗ್ತೀವಿ, ಗೆದ್ರೆ ಒಬ್ಬರಾದ್ರೂ ಉಳ್ಕೋತೀವಿ ಅಂತ ಅಂದ್ಕೊಂಡು ಒಳಗೆ ಬಂದೆ.’

ಅವರನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟವಳು ನಾನೇ. ತಪಾಸಣೆಯ ಸಾಲಿಗೆ ಹಗ್ಗ ಕಟ್ಟಿದ್ದ ಕಡೆ ಬಂದು ನಿಂತರು. ಇಪ್ಪತ್ತು ವರ್ಷದ ಹಿಂದೆ ಬಿಟ್ಟ ಊರಿನಲ್ಲಿ ಈ ವಯಸ್ಸಿಗೆ ಮತ್ತೆ ಹೊಸಬಳಾಗಿ ಕೋರ್ಟಿನ ಬಾಗಿಲಲ್ಲಿ ನಿಲ್ಲಬೇಕು, ಯಾರು ಕೇಸು ಕೊಡುತ್ತಾರೋ ಎಂದರು. ನನ್ನ ಕೈ ಹಿಡಿದುಕೊಂಡಿದ್ದರು. ‘ಒಳಗಡೆ ತನಕ ಬರೋಕೆ ಆಗತ್ತಾ?’ ಎಂದು ಕೇಳಿದರು. ಟಿಕೆಟ್ ಇಲ್ಲದವರನ್ನು ಬಿಡುವುದಿಲ್ಲ ಎನ್ನುವ ನಿಯಮ ನನಗಿಂತ ಚೆನ್ನಾಗಿ ಅವರಿಗೆ ಗೊತ್ತಿತ್ತು. ಆದರೂ ಕೇಳಿದರು.

ಆಗಲ್ಲ ಮೇಡಂ ಎಂದೆ. ಅವರು ಕೈ ಬಿಡಿಸಿಕೊಂಡು ಹೋದರು. ನನ್ನ ಸಲುವಾಗಿ ಅವರು ಕೋರ್ಟಿನ ಒಳಗಿನವರೆಗೂ ಬಂದಿದ್ದರು. ನಾನು ಅವರ ಜೊತೆ ಹೋದದ್ದು ಆ ಹಗ್ಗದವರೆಗೆ.